ನೀರುಗಂಟಿಯ ವಾಯುಸೇವನೆ

ವಾಯುಸೇವನೆ ಎಂಬ ಮಾತನ್ನು ಕಟ್ಟಿದವರು ಯಾರೋ ನಾನರಿಯೆ. ಯಾರೇ ಆಗಿರಲಿ, ಅವರು ಹಳ್ಳಿಯವರಲ್ಲ ಎಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಕಣದಲ್ಲಿ ರಾಗಿ ತೂರುವ ದಿನವೊಂದನ್ನು ಬಿಟ್ಟರೆ ಹಳ್ಳಿಯಲ್ಲಿ ಗಾಳಿಗಾಗಿ ಕಾಯುವವರಿಲ್ಲ. ಅದನ್ನು ಹುಡುಕಿಕೊಂಡು ಮನೆ ಬಿಟ್ಟು ಹೋಗುವವರಂತೂ ಇಲ್ಲವೇ ಇಲ್ಲ. ಪಟ್ಟಣದಲ್ಲಿ ಹಾಗಲ್ಲ. ಇಲ್ಲಿ ಗಾಳಿಯೂ ಒಂದು ಔಷಧ. ವೈದ್ಯರು ಚೀಟಿಯಲ್ಲಿ ಬರೆದುಕೊಡುತ್ತಾರೆ: ಬೆಳಗ್ಗೆ ನಲವತ್ತು ನಿಮಿಷ, ಬರಿಹೊಟ್ಟೆಯಲ್ಲಿ.

ನನಗೂ ಹಾಗೆಯೇ ಬರೆದುಕೊಟ್ಟರು. ಆಗ ನನಗೆ ಮೂವತ್ತನಾಲ್ಕು ವರ್ಷ. ವೈದ್ಯಮಹಾಶಯರು ನನ್ನ ಸೊಂಟವನ್ನೂ ರಕ್ತದ ವರದಿಯನ್ನೂ ಒಂದರ ಪಕ್ಕದಲ್ಲೊಂದಿಟ್ಟು ನೋಡುವವರಂತೆ ನೋಡಿ, “ಮೇಷ್ಟ್ರೇ, ಕಾಲೇಜಿನಲ್ಲಿ ನಿಂತು ಪಾಠ ಹೇಳುತ್ತೀರಿ, ಮನೆಗೆ ಬಂದು ಕೂತು ಓದುತ್ತೀರಿ. ನಡೆಯುವುದು ಯಾವಾಗ?” ಎಂದರು. ಕನ್ನಡ ಎಂ.ಎ. ಮಾಡಿದವನಿಗೆ ಉತ್ತರಗಳಿಗೇನೂ ಬರವಿಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. ಮರುದಿನದಿಂದಲೇ ಮೈಸೂರಿನ ಕುಕ್ಕರಹಳ್ಳಿ ಕೆರೆಯ ವಾಯುಸೇವಕರ ಸಂಘದಲ್ಲಿ, ಯಾವ ಅರ್ಜಿಯನ್ನೂ ಹಾಕದೆ, ನಾನೂ ಒಬ್ಬ ಸದಸ್ಯನಾದೆ.

ಈ ಕೆರೆಯ ಸುತ್ತಲಿನ ಹಾದಿ ನಾಲ್ಕೂವರೆ ಐದು ಕಿಲೋಮೀಟರಿನಷ್ಟಿದೆ. ಒಂದು ಬೆಳಗ್ಗೆ ಅಲ್ಲಿ ನಿಂತು ನೋಡಿದರೆ ಸಾಕು, ಮೈಸೂರಿನ ಸಂಸಾರಗಳೆಲ್ಲ ಮೆರವಣಿಗೆ ಹೊರಟಂತೆ ಕಾಣುತ್ತದೆ. ನಿವೃತ್ತ ಅಧಿಕಾರಿಗಳು ನಡೆಯುವಾಗಲೂ ಯಾರಿಗೋ ಆಜ್ಞೆ ಕೊಡುತ್ತಲೇ ಇರುತ್ತಾರೆ. ಅಕ್ಕತಂಗಿಯರಿಬ್ಬರು ಒಂದು ಸುತ್ತು ಮುಗಿಯುವುದರೊಳಗೆ ಇಬ್ಬರ ಅತ್ತೆಮನೆಗಳ ವ್ಯವಹಾರವನ್ನೂ ತೀರ್ಮಾನಿಸಿಬಿಡುತ್ತಾರೆ. ಮದುವೆಗೆ ಮುಂಚೆ ಮೈ ಇಳಿಸಬೇಕೆಂದು ಓಡುವ ತರುಣರೂ ಮದುವೆಯಾದ ಮೇಲೆ ಮೈ ಏರಿತೆಂದು ಓಡುವ ತರುಣರೂ ಎದುರುಬದರಾಗಿ ಬರುತ್ತಾರೆ. ಎಲ್ಲರ ಜೇಬಿನಲ್ಲೂ ಹೆಜ್ಜೆ ಎಣಿಸುವ ಫೋನು. ಐದು ಸಾವಿರ ಹೆಜ್ಜೆ ಮುಗಿದೊಡನೆ ಅದು ಶಹಭಾಸ್ ಎನ್ನುತ್ತದೆ. ಹೆಂಡತಿಯ ಬಾಯಿಂದ ಬಾರದ ಈ ಮಾತು ಯಂತ್ರದ ಬಾಯಿಂದಾದರೂ ಬಂತಲ್ಲ ಎಂಬ ತೃಪ್ತಿಯಲ್ಲಿ ನಾವು ಮನೆಗೆ ಮರಳುತ್ತೇವೆ.

ನಾನು ಮಾತ್ರ ಉಳಿದವರಿಗಿಂತ ಒಂದು ತೂಕ ಮೇಲೆಂದು ಭಾವಿಸಿಕೊಂಡಿದ್ದೆ. ಕಾರಣ, ನನಗೆ ಹಕ್ಕಿಗಳ ಹೆಸರು ಗೊತ್ತಿತ್ತು. ಎಂ.ಎ. ಓದಲು ಮಾನಸಗಂಗೋತ್ರಿಗೆ ಬಂದ ಮೊದಲ ವರ್ಷವೇ ವಿದ್ಯಾರ್ಥಿನಿಲಯದ ಹಿರಿಯ ಗೆಳೆಯರೊಬ್ಬರು ಈ ಹುಚ್ಚನ್ನು ನನಗೆ ಅಂಟಿಸಿದ್ದರು. ದೋಣಿಯಂತೆ ತೇಲಿ ಬರುವ, ಗಂಟಲಿನಲ್ಲಿ ಚೀಲವಿರುವ ಹೆಜ್ಜಾರ್ಲೆ. ಕುಂಚದಿಂದ ರೆಕ್ಕೆಗೆ ಬಣ್ಣ ತೀಡಿದಂತಿರುವ ಬಣ್ಣದ ಕೊಕ್ಕರೆ. ಮೈಯೆಲ್ಲ ನೀರಿನಲ್ಲಿ ಮುಳುಗಿಸಿ ಕತ್ತನ್ನಷ್ಟೇ ಹಾವಿನಂತೆ ಎತ್ತಿ ಈಜುವ ಹಾವಕ್ಕಿ. ಹಣೆಯ ಮೇಲೆ ಬಿಳಿಯ ನಾಮವಿಟ್ಟ ನಾಮದ ಕೋಳಿ. ಇವುಗಳಲ್ಲಿ ಕೆಲವು ಇಲ್ಲಿಯೇ ಬೀಡುಬಿಟ್ಟವು, ಕೆಲವು ಬಂದುಹೋಗುವ ನೆಂಟರು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಜಗತ್ತಿನ ಹೆಸರಾಂತ ಜೌಗುನೆಲಗಳ ಸಾಲಿನಲ್ಲಿ ನಿಂತಿತು. ಆದರೆ ಹಕ್ಕಿಗಳಿಗೆ ಪಟ್ಟಿಯ ಹಂಗಿಲ್ಲ. ಗೂಡು ಒಂದು ಕಡೆಯಾದರೆ ಊಟ ಇನ್ನೊಂದು ಕಡೆ. ಸುತ್ತಲಿನ ಕೆರೆಕಟ್ಟೆಗಳೆಲ್ಲ ಬತ್ತಿಹೋದರೆ, ದೊಡ್ಡ ಧಾಮವೊಂದೇ ಅವುಗಳ ಹೊಟ್ಟೆಯನ್ನು ತುಂಬಲಾರದು. ಊರ ನಡುವಿನ ಇಂಥ ಸಣ್ಣ ಆಶ್ರಯಗಳ ಬೆಲೆ ಇರುವುದು ಇಲ್ಲಿಯೇ.

ಇಷ್ಟನ್ನು ಯಾರಾದರೂ ಕೇಳಿದರೆ ಹೇಳಲು ನಾನು ಸದಾ ಸಿದ್ಧನಾಗಿರುತ್ತಿದ್ದೆ. ಕೇಳದಿದ್ದರೂ ಹೇಳುತ್ತಿದ್ದೆ. ಈ ಹಾದಿಯಲ್ಲಿ ಕುವೆಂಪು ಅವರು ನಡೆದಾಡುತ್ತಿದ್ದರು, ಪಕ್ಕದ ಮಾನಸಗಂಗೋತ್ರಿಗೆ ಆ ಹೆಸರಿಟ್ಟವರೂ ಅವರೇ ಎಂದು ಸೇರಿಸುವುದನ್ನು ಮರೆಯುತ್ತಿರಲಿಲ್ಲ. ಹೀಗೆ, ಕುಕ್ಕರಹಳ್ಳಿ ಕೆರೆಯ ವಿಷಯದಲ್ಲಿ ನನಗೆ ತಿಳಿಯದ್ದೇನೂ ಇಲ್ಲವೆಂಬ ನೆಮ್ಮದಿಯಲ್ಲಿದ್ದಾಗ ನಮ್ಮ ಅಪ್ಪ ಮೈಸೂರಿಗೆ ಬಂದರು.

ನಮ್ಮೂರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ರಾಯಲ್ಪಾಡಿಗೆ ಹತ್ತಿರ. ಒಂದಿಷ್ಟು ಮುಂದೆ ಹೋದರೆ ಆಂಧ್ರದ ಮದನಪಲ್ಲಿಯ ಸೀಮೆ. ಶ್ರೀನಿವಾಸಪುರವೆಂದರೆ ಪಟ್ಟಣದವರಿಗೆ ಮಾವಿನಹಣ್ಣು ನೆನಪಾಗುತ್ತದೆ. ನಮಗೆ ನೀರಿನ ಬಿಂದಿಗೆಗಳ ಸಾಲು ನೆನಪಾಗುತ್ತದೆ. ಮನೆಯಲ್ಲಿ ನಾವು ಆಡುವುದು ಅರ್ಧ ತೆಲುಗು, ಅರ್ಧ ಕನ್ನಡ. ಮಾತಿನಲ್ಲಿ ನಾನು ಅಪ್ಪನನ್ನು ‘ನೀನು’ ಎಂದೇ ಕರೆಯುವುದು. ‘ಬಂದರು’, ‘ಹೋದರು’ ಎಂಬ ಬಹುವಚನ ನನಗೆ ಬರವಣಿಗೆಯ ಜೊತೆಗೆ ಬಂದದ್ದು. ಅವರು ನನ್ನನ್ನು ಕರೆಯುವುದು ‘ನಾಯನಾ’ ಎಂದು.

ಅಪ್ಪ ಬಂದದ್ದು ಕಣ್ಣಿನ ಪೊರೆ ತೆಗೆಸಿಕೊಳ್ಳಲು. ಶಸ್ತ್ರಚಿಕಿತ್ಸೆ ಸುಗಮವಾಗಿ ಆಯಿತು. ಕೆಲವು ವಾರ ಮನೆಯಲ್ಲಿ ಕಪ್ಪುಕನ್ನಡಕ ಹಾಕಿಕೊಂಡು ಕುಳಿತರು. ಎಪ್ಪತ್ತರ ಹತ್ತಿರದ, ಒಂದು ದಿನವೂ ಸುಮ್ಮನೆ ಕೂರದ ಆ ಜೀವಕ್ಕೆ ಅದೊಂದು ಸೆರೆವಾಸ. ಹೊರಗೆ ಹೋಗಬಹುದೆಂದು ವೈದ್ಯರು ಹೇಳಿದ ಮರುದಿನವೇ ಬೆಳಗ್ಗೆ ನನ್ನೊಡನೆ ಹೊರಟರು. ತಲೆಗೆ ವಲ್ಲಿ, ಕಾಲಿಗೆ ಹಳೆಯ ಚಪ್ಪಲಿ. ಮಗ ನಡೆಯುವುದಕ್ಕೆಂದೇ ಬೇರೆ ಬೂಟು ಇಟ್ಟುಕೊಂಡಿರುವುದನ್ನು ನೋಡಿ ಏನೂ ಹೇಳಲಿಲ್ಲ. ಬೂಟನ್ನು ಮಾತ್ರ ಎರಡು ಸಲ ನೋಡಿದರು.

ಕೆರೆಯ ಅಂಚಿಗೆ ಬಂದೊಡನೆ ನನ್ನ ಉಪನ್ಯಾಸ ಆರಂಭವಾಯಿತು. “ನೋಡಪ್ಪಾ, ಅದು ಹೆಜ್ಜಾರ್ಲೆ...”

ಅಪ್ಪ ಹೆಜ್ಜಾರ್ಲೆಯನ್ನು ನೋಡಲಿಲ್ಲ. ನೀರನ್ನು ನೋಡಿದರು. ಬಿಸಿಲಿಗೆ ಕೈ ಅಡ್ಡ ಹಿಡಿದು ಈ ದಡದಿಂದ ಆ ದಡದವರೆಗೆ ಒಮ್ಮೆ ನಿಧಾನವಾಗಿ ನೋಡಿ ಕೇಳಿದರು: “ಈ ಕೆರೆಗೆ ನೀರು ಯಾವ ಕಡೆಯಿಂದ ಬತ್ತೈತೆ?”

ನಾನು “ಮಳೆ ಬಂದರೆ ತುಂಬುತ್ತೆ” ಎಂದೆ.

“ಮಳೆ ಕೆರೆ ಮೇಲೇ ಸುರಿಯಲ್ಲ ನಾಯನಾ. ರಾಜಕಾಲುವೆ ಎಲ್ಲೈತೆ?”

ಹನ್ನೆರಡು ವರ್ಷದಿಂದ ನಾನು ಈ ಕೆರೆಯ ಪಕ್ಕದಲ್ಲಿದ್ದೇನೆ. ನನಗೆ ಗೊತ್ತಿರಲಿಲ್ಲ. ಅಪ್ಪ ಬಿಡಲಿಲ್ಲ. ತೂಬು ಎಲ್ಲಿ, ಕೋಡಿ ಎಲ್ಲಿ, ಕೋಡಿ ಬಿದ್ದ ನೀರು ಯಾವ ಕೆರೆಗೆ ಹೋಗುತ್ತದೆ, ಅಚ್ಚುಕಟ್ಟು ಎಷ್ಟು ಎಕರೆ? ಒಂದೊಂದಕ್ಕೂ ನಾನು ಒಂದೊಂದು ಹಕ್ಕಿಯನ್ನು ತೋರಿಸುತ್ತ ಹೋದೆ. ಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆಯನ್ನು ಬಿಟ್ಟು ಬೇರೆಯದಕ್ಕೆ ಉತ್ತರ ಬರೆಯುವ ಹುಡುಗರನ್ನು ನಾನು ಪ್ರತಿ ವರ್ಷವೂ ಬೈಯುತ್ತೇನೆ. ಆ ಬೆಳಗ್ಗೆ ಅವರ ಪಾಡು ನನಗೆ ಅರ್ಥವಾಯಿತು.

ಅಷ್ಟರಲ್ಲಿ ರಸಾಯನಶಾಸ್ತ್ರದ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಎದುರಾದರು. ಅಪ್ಪನಿಗೆ ಕೈಮುಗಿದು, ಕಣ್ಣಿನ ವಿಚಾರ ಕೇಳಿ, ನನ್ನ ಕಡೆ ತಿರುಗಿ, “ನಿಮ್ಮ ತಂದೆಯವರು ಏನು ಮಾಡಿಕೊಂಡಿದ್ದರು?” ಎಂದರು.

“ವ್ಯವಸಾಯ,” ಎಂದೆ ನಾನು.

ಅವರು “ಓಹೋ, ಬಹಳ ಸಂತೋಷ” ಎಂದು ಮುಂದೆ ಹೋದರು. ನಾವು ನೂರು ಹೆಜ್ಜೆ ನಡೆದಿರಬಹುದು. ಅಪ್ಪ ಯಾವ ನೋವೂ ಇಲ್ಲದ ದನಿಯಲ್ಲಿ, ಲೆಕ್ಕ ತಿದ್ದುವವರಂತೆ ಹೇಳಿದರು: “ವ್ಯವಸಾಯ ಅಂದೆಯಲ್ಲಾ, ನಮಗೆ ಹೊಲ ಎಲ್ಲೈತೆ ನಾಯನಾ?”

ವಾಚಕರಿಗೆ ಇಲ್ಲಿ ಒಂದು ಮಾತನ್ನು ಒಪ್ಪಿಸಲೇಬೇಕು. ನಮ್ಮ ಅಪ್ಪ ವ್ಯವಸಾಯಗಾರರಲ್ಲ. ಅವರು ನಮ್ಮೂರ ಕೆರೆಯ ನೀರುಗಂಟಿ. ಅವರ ತಂದೆಯೂ ನೀರುಗಂಟಿ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರದ ಸೀಮೆಯಲ್ಲಿ ಹಿಂದಿನವರು ಸಾವಿರಾರು ಕೆರೆಗಳನ್ನು ಕಟ್ಟಿ, ಒಂದರ ಕೋಡಿಯನ್ನು ಇನ್ನೊಂದರ ಕಾಲುವೆಗೆ ಸೇರಿಸಿ, ಮಳೆಯ ನೀರನ್ನು ಮೆಟ್ಟಿಲು ಇಳಿಸಿದಂತೆ ಇಳಿಸಿಕೊಂಡು ಬಾಳಿದರು. ಕಟ್ಟಿದವರ ಹೆಸರು ಶಾಸನಗಳಲ್ಲಿ ಸಿಗುತ್ತದೆ. ತರಗತಿಯಲ್ಲಿ ನಾನೇ ಅದನ್ನು ಪಾಠ ಹೇಳಿದ್ದೇನೆ. ಕಟ್ಟಿದ ಮೇಲೆ ಅದನ್ನು ಕಾದವನು ನೀರುಗಂಟಿ. ತೂಬಿನ ಕಲ್ಲುಕಂಬದಲ್ಲಿ ನೀರು ಎಷ್ಟಿದೆಯೆಂದು ನೋಡಿ, ಈ ವರ್ಷ ಭತ್ತಕ್ಕೆ ಆಗುತ್ತದೆಯೋ ರಾಗಿಗಷ್ಟೇ ಸಾಲುತ್ತದೆಯೋ ಎಂದು ಊರಿನ ಹಿರಿಯರಿಗೆ ಹೇಳಬೇಕಾದವನು ಅವನು. ಸರದಿಯಂತೆ ಗದ್ದೆಗದ್ದೆಗೆ ನೀರು ಬಿಡಬೇಕಾದವನೂ ಅವನೇ. ಅಚ್ಚುಕಟ್ಟಿನಲ್ಲಿ ಅವನಿಗೆ ಸ್ವಂತ ಗದ್ದೆ ಇರುತ್ತಿರಲಿಲ್ಲ. ಇದ್ದರೆ ಮೊದಲ ನೀರು ಅಲ್ಲಿಗೇ ಹರಿಯುತ್ತದೆಂಬ ಭಯ. ಸುಗ್ಗಿಯಲ್ಲಿ ಕಣದ ಬಳಿ ನಿಂತರೆ ಪ್ರತಿಯೊಬ್ಬ ಗದ್ದೆಯವನೂ ಇಷ್ಟೆಂದು ಧಾನ್ಯ ಅಳೆದು ಕೊಡುತ್ತಿದ್ದ. ಅದಕ್ಕೆ ‘ಆಯ’ ಎಂದು ಹೆಸರು.

ಈ ಕೆಲಸ ನಮ್ಮ ಕೇರಿಯದು. ಕೇರಿ ಇದ್ದದ್ದು ಊರ ಹೊರಗೆ. ಊರಿನ ಗದ್ದೆಗಳಿಗೆಲ್ಲ ನೀರು ಹಂಚಿದ ನನ್ನ ತಾತನ ಕೈಗೆ ಊರೊಳಗಿನ ಬಾವಿಯ ಹಗ್ಗ ಹಿಡಿಯುವ ಹಕ್ಕಿರಲಿಲ್ಲ. ಇದಕ್ಕಿಂತ ಹೆಚ್ಚು ವಿವರಿಸುವ ಅಗತ್ಯ ಕಾಣೆ. ‘ನೀರುಗಂಟಿ’ ಎಂದೊಡನೆ ಕೇಳುವವರು ಮುಂದಿನ ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಿಕೊಂಡು ಉತ್ತರವನ್ನೂ ಹೇಳಿಕೊಳ್ಳುತ್ತಾರೆಂಬ ಅಳುಕಿನಿಂದ, ಮೈಸೂರಿಗೆ ಬಂದ ಮೊದಲ ದಿನದಿಂದಲೂ ನಾನು ‘ವ್ಯವಸಾಯ’ ಎಂಬ ಗೌರವಸ್ಥ ಪದದ ಹಿಂದೆ ನಿಂತುಬಿಟ್ಟಿದ್ದೆ. ಪದಗಳ ವಿಷಯದಲ್ಲಿ ನನ್ನ ವಿದ್ಯೆ ಅಷ್ಟು ಉಪಯೋಗಕ್ಕೆ ಬಂದಿತ್ತು.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ನಮ್ಮ ಕೆರೆ ಬತ್ತಿತು. ಒಂದೇ ದಿನದಲ್ಲಿ ಬತ್ತಿದ್ದಲ್ಲ. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯದ ಯೋಜನೆ ಬಂದಾಗ ಕೆರೆಯ ಮೇಲಣ ಗುಡ್ಡಹೊಲಗಳಿಗೆಲ್ಲ ನೀಲಗಿರಿ ಹಬ್ಬಿತು. ನೀಲಗಿರಿಯ ಬೆಳೆ ಇನ್ನು ಬೇಡವೆಂದು ಸರ್ಕಾರ ನಿಷೇಧಿಸುವ ಹೊತ್ತಿಗೆ 2017 ಆಗಿತ್ತು. ಕಾಲುವೆಯ ಮೇಲೆ ದಾರಿ ಬಂತು, ದಾರಿಯ ಪಕ್ಕ ಮನೆ ಬಂತು. ಕೊಳವೆಬಾವಿಗಳು ಸಾವಿರ ಅಡಿಯ ಆಳಕ್ಕೂ ಇಳಿದವು. ಸ್ವಂತ ಕೊಳವೆಬಾವಿ ಇರುವವನಿಗೆ ಊರಿನ ನೀರುಗಂಟಿ ಏತಕ್ಕೆ? ಆಯ ನಿಂತಿತು. ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆಯಿತು. ಅಪ್ಪ ಮಾವಿನ ತೋಪುಗಳಲ್ಲಿ ಕೂಲಿಗೆ ಹೋಗತೊಡಗಿದರು. ಆದರೆ ಸಂಜೆ ಬಂದವರೇ ಒಂದು ಸಲ ಏರಿಯ ಮೇಲೆ ಆ ತುದಿಯವರೆಗೆ ಹೋಗಿಬರುತ್ತಿದ್ದರು. “ನೀರಿಲ್ಲದ ಕೆರೆಗೆ ಕಾವಲೇನು?” ಎಂದು ಅಮ್ಮ ನಗುತ್ತಿದ್ದರು. ಅಪ್ಪ ಉತ್ತರ ಹೇಳುತ್ತಿರಲಿಲ್ಲ. ಏರಿಯ ಮೇಲೆ ಮೊಳೆತ ಸಸಿಯನ್ನು ಕೀಳುವುದು, ಇಲಿಯ ಬಿಲವನ್ನು ಕಲ್ಲುಮಣ್ಣಿಟ್ಟು ತುಳಿಯುವುದು ಇಷ್ಟೇ ಅವರ ಕೆಲಸ. ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸತೊಡಗಿದ್ದು 2018ರಲ್ಲಿ. ಆ ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ಜಿಲ್ಲೆಯೆಲ್ಲ ವಾದಿಸುತ್ತಿದ್ದಾಗ, ನಮ್ಮ ಕೆರೆಯವರೆಗೆ ಅದು ಬರಲೇ ಇಲ್ಲ.

ಬಂದದ್ದು ಮಳೆ. 2021ರ ನವೆಂಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಸುರಿದ ಮಳೆಯನ್ನು ಅಲ್ಲಿನವರು ಇನ್ನೂ ಮರೆತಿಲ್ಲ. ಎಷ್ಟೋ ವರ್ಷಗಳಿಂದ ಒಣಗಿದ್ದ ಕೆರೆಗಳು ಕೋಡಿ ಹರಿದವು. ಒಂದು ರಾತ್ರಿ ಅಮ್ಮ ಫೋನು ಮಾಡಿ ಅಳುತ್ತ, “ನಿಮ್ಮಪ್ಪ ಮನೆಯಲ್ಲಿಲ್ಲ, ಕೆರೆ ಏರಿ ಮೇಲವ್ನೆ, ಮಳೆ ಬಿಡ್ತಿಲ್ಲ” ಎಂದರು. ಅಪ್ಪನ ಕೈಗೆ ಫೋನು ಸಿಕ್ಕಾಗ ಮಧ್ಯರಾತ್ರಿ ಕಳೆದಿತ್ತು. ಹೆದರಿಕೆಯಿಂದಲೋ ಸಿಟ್ಟಿನಿಂದಲೋ ನಾನು ಕೂಗಾಡಿದೆ. “ಅದು ಈಗ ನಿನ್ನ ಕೆಲಸವೇ? ನಿನಗೆ ಯಾರು ಕೂಲಿ ಕೊಡುತ್ತಾರೆ?” ಎಂದೆ. ಅಪ್ಪ, “ಮಳೆ ಸದ್ದಿಗೆ ಕೇಳಿಸ್ತಿಲ್ಲ ನಾಯನಾ, ಆಮೇಲೆ ಮಾತಾಡ್ತೀನಿ” ಎಂದು ಇಟ್ಟುಬಿಟ್ಟರು. ಆ ವಿಷಯವನ್ನು ನಾವಿಬ್ಬರೂ ಮತ್ತೆ ಎತ್ತಿರಲಿಲ್ಲ.

ಕುಕ್ಕರಹಳ್ಳಿಯ ಹಾದಿಯಲ್ಲಿ, “ಹೊಲ ಎಲ್ಲೈತೆ” ಎಂದು ಕೇಳಿದ ಮೇಲೆ ಒಂದು ಕಲ್ಲುಬೆಂಚಿನ ಮೇಲೆ ಕುಳಿತು, ತಾವಾಗಿಯೇ ಆ ರಾತ್ರಿಯ ಕಥೆ ಹೇಳಿದರು.

ಏರಿಯ ಹಿಂಬದಿಯಲ್ಲಿ, ಬುಡದ ಹತ್ತಿರ, ಒಂದು ಕಡೆ ನೀರು ಜಿನುಗುತ್ತಿತ್ತಂತೆ. ಊರಿನ ಹುಡುಗರು ಟಾರ್ಚು ಹಿಡಿದು ಬಂದಿದ್ದರು. ಏರಿ ಒಡೆಯುತ್ತದೆಂದು ಕೆಲವರು ಓಡಿದರು. ಅಪ್ಪ ಬೊಗಸೆಯಲ್ಲಿ ಆ ನೀರು ಹಿಡಿದು ಬೆಳಕಿಗೆ ನೋಡಿದರು. ಜಿನುಗುವ ನೀರು ತಿಳಿಯಾಗಿದ್ದರೆ ಹೆದರಬೇಕಾಗಿಲ್ಲ. ಏರಿ ಬೆವರುತ್ತದೆ ಅಷ್ಟೆ. ಕದಡಿದ್ದರೆ ಅದು ಏರಿಯ ಮಣ್ಣನ್ನು ಒಳಗಿನಿಂದ ತಿಂದುಕೊಂಡು ಬರುತ್ತಿದೆಯೆಂದು ಅರ್ಥ. ಆ ರಾತ್ರಿ ಮೊದಲು ತಿಳಿಯಾಗಿದ್ದ ನೀರು ಎರಡು ಗಂಟೆಯ ಮೇಲೆ ಕೆಂಪಾಯಿತು. ಉಳಿದ ಹುಡುಗರನ್ನು ಸೇರಿಸಿಕೊಂಡು, ಗೋಣಿಚೀಲಗಳಲ್ಲಿ ಮರಳು ತುಂಬಿಸಿ, ನೀರು ಬರುವ ಬಾಯಿಯ ಸುತ್ತ ಬಾವಿಯ ಕಟ್ಟೆಯಂತೆ ಒಟ್ಟಿಸಿದರು. “ಬಾಯಿ ಮುಚ್ಚಬಾರದು ನಾಯನಾ. ಮುಚ್ಚಿದರೆ ಇನ್ನೊಂದು ಕಡೆ ಒಡೀತೈತೆ. ನೀರು ನಿಲ್ಲಕ್ಕೆ ಜಾಗ ಕೊಡಬೇಕು. ನಿಂತರೆ ಅದರ ಭಾರಕ್ಕೇ ಹಿಂದಿನ ನೀರಿನ ರಭಸ ತಗ್ಗುತೈತೆ, ಮಣ್ಣು ಬರೋದು ನಿಲ್ತೈತೆ.” ಬೆಳಗಾಗುವ ಹೊತ್ತಿಗೆ ನೀರು ಮತ್ತೆ ತಿಳಿಯಾಯಿತು. ಏರಿ ನಿಂತಿತು. ಏರಿಯ ಕೆಳಗೆ, ಹಿಂದೆ ಗದ್ದೆಯಾಗಿದ್ದ ಜಾಗದಲ್ಲಿ, ಈಗ ಮೂವತ್ತು ಮನೆಗಳಿವೆ.

“ಆಗ ಏನೋ ಕೇಳಿದೆಯಲ್ಲಾ ಫೋನಿನಲ್ಲಿ, ಕೂಲಿ ಯಾರು ಕೊಡ್ತಾರೆ ಅಂತ,” ಎಂದರು ಅಪ್ಪ. ಅವರಿಗೆ ಮಳೆಯ ಸದ್ದಿನಲ್ಲೂ ಕೇಳಿಸಿತ್ತು. “ಯಾರೂ ಕೊಡಲಿಲ್ಲ.”

ನಾನು ಸುಮ್ಮನೆ ಕುಳಿತೆ. ಎದುರಿಗೆ ಒಣಗಿದ ಕೊಂಬೆಯ ಮೇಲೆ ನೀರುಕಾಗೆಯೊಂದು ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಿತ್ತು. ಅಪ್ಪ ಅದನ್ನು ತೋರಿಸಿ, “ಇದು ನಮ್ಮ ಕೆರೆಗೂ ಬತ್ತಿತ್ತು. ಇದು ಬಂದರೆ ಮೀನು ಐತೆ ಅಂತ. ಹುಂಡುಕೋಳಿ ಅಂಚಿನಲ್ಲಿ ಮರಿ ಮಾಡಿದರೆ ಜೊಂಡು ಬೆಳೆದೈತೆ, ಹೂಳು ಕೂತೈತೆ ಅಂತ,” ಎಂದರು. ನಾನು ಪುಸ್ತಕ ನೋಡಿ ಕಲಿತ ಹಕ್ಕಿಗಳು ಅವರಿಗೆ ಮೊದಲಿನಿಂದಲೂ ಗೊತ್ತಿದ್ದವು. ಹಕ್ಕಿ ಅವರಿಗೆ ಕೆರೆಯ ಸಮಾಚಾರ ತರುವ ಅಂಚೆಯವನು.

ಆಮೇಲೆ ಎದ್ದು ನಡೆಯುತ್ತ, ಹಾದಿಯ ಪಕ್ಕದ ದೊಡ್ಡ ಮರಗಳನ್ನು ಕಂಡು ತಲೆಯಾಡಿಸಿದರು. ಏರಿಯ ಮೇಲೆ ಮರ ಬೆಳೆಯಗೊಡಬಾರದಂತೆ. ಮರ ಸತ್ತಾಗ ಬೇರು ಕೊಳೆತು ನೀರಿಗೆ ದಾರಿಯಾಗುತ್ತದೆ. ನಾನು, “ಈ ಮರಗಳಿಲ್ಲದಿದ್ದರೆ ಹಕ್ಕಿಗಳಿರುವುದಿಲ್ಲ ಅಪ್ಪಾ, ಇದು ಈಗ ಗದ್ದೆಯ ಕೆರೆಯಲ್ಲ,” ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಓಡುತ್ತ ಬಂದ ತರುಣರಿಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ತಳ್ಳುಗಾಲಿಯ ಕುರ್ಚಿಯಲ್ಲಿ ಕುಳಿತ ಮುದುಕಿಯೊಬ್ಬರನ್ನು ಮೊಮ್ಮಗಳು ನೀರಿನ ಅಂಚಿಗೆ ಕರೆತಂದು ನಿಲ್ಲಿಸಿದ್ದನ್ನು ನೋಡಿದರು.

“ಹಂಗಾದರೆ ಇವರೆಲ್ಲ ಇದರ ಅಚ್ಚುಕಟ್ಟಿನವರು,” ಎಂದರು. “ಹಕ್ಕಿಗಳೂ ಅಚ್ಚುಕಟ್ಟಿನವೇ. ಸರಿ, ಇಲ್ಲಿ ಆಯ ಕೊಡೋರು ಯಾರು?”

ಈ ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ. ವರ್ಷಗಟ್ಟಲೆ ಈ ಕೆರೆಯ ಗಾಳಿ ಕುಡಿದು ನನ್ನ ಸೊಂಟದ ಸುತ್ತಳತೆಯನ್ನು ಎರಡು ಅಂಗುಲ ಇಳಿಸಿಕೊಂಡಿದ್ದೇನೆ. ಕಣಕ್ಕೆ ನಾನು ಅಳೆದು ಹಾಕಿದ್ದೇನು? ಒಂದು ಹಿಡಿಯೂ ಇಲ್ಲ.

ಆ ಸಂಜೆ ಪುಸ್ತಕಗಳನ್ನು ತೆರೆದು ಕುಳಿತೆ. ಹನ್ನೆರಡು ವರ್ಷ ಮೊದಲೇ ಓದಬೇಕಾಗಿದ್ದ ವಿಷಯ. ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು ಊರ ಹೊರಗಿನ ಭೂಮಿಗೆ ನೀರುಣಿಸುವುದಕ್ಕೆ. ಒಂದು ಕಾಲದಲ್ಲಿ ಮೈಸೂರಿನವರು ಕುಡಿದದ್ದೂ ಇದೇ ನೀರು. ದಿವಾನ್ ಪೂರ್ಣಯ್ಯನವರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಾವೇರಿಯನ್ನು ಮೈಸೂರಿಗೆ ತರಲು ನಾಲೆಯೊಂದನ್ನು ತೋಡಿಸಿದರು. ಕಾವೇರಿ ಆ ನಾಲೆಯಲ್ಲಿ ಬರಲಿಲ್ಲ, ಕೆಲಸ ಪೂರೈಸಲಿಲ್ಲ. ಆದರೆ ಪೂರ್ಣಯ್ಯ ನಾಲೆ ಮಳೆಯ ನೀರನ್ನು ಹೊತ್ತು ತಂದು ಈ ಕೆರೆಗೆ ಸುರಿಯುತ್ತಿತ್ತು. ಊರು ಬೆಳೆದಂತೆ ನಾಲೆಯ ಮೇಲೆ ಬಡಾವಣೆಗಳು ಬಂದವು; ಬರಬೇಕಾದ ಮಳೆನೀರು ತಡೆಯಿತು, ಬರಬಾರದ ಕೊಳಕುನೀರು ಹರಿದು ಒಂದು ಕಾಲಕ್ಕೆ ಕೆರೆ ಸಾಯುವ ಸ್ಥಿತಿಗೆ ಬಂತು. ಇಂದು ಅದು ವಿಶ್ವವಿದ್ಯಾನಿಲಯದ ವಶದಲ್ಲಿ, ಹಕ್ಕಿಗಳೂ ಜನಗಳೂ ಬರುವ ಕೆರೆಯಾಗಿ ಉಳಿದಿದ್ದರೆ, ಅದಕ್ಕೋಸ್ಕರ ಮಾತನಾಡಿದ, ಅರ್ಜಿ ಬರೆದ, ಬೈಸಿಕೊಂಡ ಜನ ಈ ಊರಿನಲ್ಲಿ ಇದ್ದರೆಂದೇ ಅರ್ಥ. ಅವರು ತಮ್ಮ ಆಯವನ್ನು ಕೊಟ್ಟವರು.

ಮರುದಿನ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ಎಲ್ಲವನ್ನೂ ಕೇಳಿ, “ನಾಲೆ ಮುಚ್ಚಿದವರಿಗೆ ಕೆರೆ ಮುಚ್ಚಿದ್ದು ಗೊತ್ತಾಗಲ್ಲ,” ಎಂದಷ್ಟೇ ಹೇಳಿದರು.

ಎರಡನೆಯ ಸುತ್ತಿನಲ್ಲಿ ರಸಾಯನಶಾಸ್ತ್ರದ ಮಹನೀಯರು ಮತ್ತೆ ಎದುರಾದರು. ನಾನು ಅವರನ್ನು ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಎದೆ ಹೊಡೆದುಕೊಂಡಿತು. “ಸಾರ್, ನಿನ್ನೆ ನಾನು ಹೇಳಿದ್ದು ಸರಿಯಲ್ಲ. ನಮ್ಮ ತಂದೆಯವರು ನೀರುಗಂಟಿ,” ಎಂದೆ.

ನಾನು ಇಷ್ಟು ವರ್ಷ ಹೆದರಿದ್ದ ಆ ಮುಂದಿನ ಪ್ರಶ್ನೆಗಾಗಿ ಕಾದೆ. ಅವರು ಕನ್ನಡಕವನ್ನು ಸರಿಪಡಿಸಿಕೊಂಡು, “ಕ್ಷಮಿಸಿ, ನೀರುಗಂಟಿ ಎಂದರೆ ಏನು?” ಎಂದರು. ಪಟ್ಟಣದಲ್ಲಿ ಹುಟ್ಟಿ ಬೆಳೆದ ಅವರು ಆ ಪದವನ್ನೇ ಕೇಳಿರಲಿಲ್ಲ. ಹನ್ನೆರಡು ವರ್ಷ ನಾನು ಯಾರಿಂದ ಮುಚ್ಚಿಟ್ಟಿದ್ದೆನೋ ಅವರಿಗೆ ಅದರ ಅರ್ಥವೇ ಗೊತ್ತಿರಲಿಲ್ಲ! ಎಲ್ಲರ ವಿಷಯವೂ ಹೀಗೆಯೇ ಎಂದು ನಾನು ಹೇಳಲಾರೆ. ತಿಳಿದವರು ಇದ್ದಾರೆ, ತಿಳಿದು ಮುಖ ತಿರುಗಿಸಿದವರನ್ನೂ ಕಂಡಿದ್ದೇನೆ. ಆದರೆ ಅಂದು ಅಪ್ಪ, ಸಂಕೋಚಪಡದೆ, ತಮ್ಮ ಕೆಲಸವೇನೆಂಬುದನ್ನು ಹೇಳಿದರು. ತಿಳಿನೀರು ಕೆಂಪುನೀರಿನ ಮಾತು ಬಂದಾಗ ರಸಾಯನಶಾಸ್ತ್ರಜ್ಞರು ನಡೆಯುವುದನ್ನು ನಿಲ್ಲಿಸಿದರು. ಆ ದಿನ ಅವರ ಫೋನಿಗೆ ಐದು ಸಾವಿರ ಹೆಜ್ಜೆ ದಕ್ಕಲಿಲ್ಲವೆಂದು ಕಾಣುತ್ತದೆ.

ಅಪ್ಪ ಊರಿಗೆ ಹೋಗಿ ಈಗ ಕೆಲವು ತಿಂಗಳಾದವು. ನಾನು ದಿನವೂ ಹಾದಿ ಸುತ್ತುತ್ತೇನೆ. ವೈದ್ಯರ ಚೀಟಿ ಇನ್ನೂ ಜಾರಿಯಲ್ಲಿದೆ. ಬೂಟನ್ನೂ ಬಿಟ್ಟಿಲ್ಲ. ಆದರೆ ಮಳೆ ಬಂದ ಮರುದಿನ ಒಂದು ಗಂಟೆ ಮುಂಚೆ ಹೊರಡುತ್ತೇನೆ. ನೀರು ಯಾವ ಕಡೆಯಿಂದ ಬರುತ್ತಿದೆ, ಅದರ ಬಣ್ಣವೇನು, ವಾಸನೆಯೇನು ಎಂದು ನೋಡುತ್ತೇನೆ. ಸರಿಯಿಲ್ಲವೆನಿಸಿದರೆ ತಿಳಿಸಬೇಕಾದವರಿಗೆ ಕಾಗದ ಬರೆಯುತ್ತೇನೆ. ತರಗತಿಯ ಹುಡುಗರಲ್ಲಿ ಆರೇಳು ಮಂದಿ ಭಾನುವಾರಗಳಲ್ಲಿ ಜೊತೆಗೆ ಬರುತ್ತಾರೆ. ಕೆರೆಶಾಸನದ ಪಾಠವನ್ನು ಈ ವರ್ಷ ದಡದಲ್ಲಿ ಕುಳಿತೇ ಮುಗಿಸಿದೆ. ದೊಡ್ಡ ಆಯವೇನೂ ಅಲ್ಲ, ಒಂದು ಹಿಡಿ ಅಷ್ಟೆ.

ವಾರಕ್ಕೊಮ್ಮೆ ಅಪ್ಪ ಫೋನು ಮಾಡುತ್ತಾರೆ. ಸೊಸೆಯ, ಮೊಮ್ಮಗುವಿನ ಯೋಗಕ್ಷೇಮವೆಲ್ಲ ಆದ ಮೇಲೆ ಒಂದು ಪ್ರಶ್ನೆ ಉಳಿದಿರುತ್ತದೆ: “ಕೆರೆ ಎಷ್ಟೈತೆ?” ಮೊದಮೊದಲು ನಾನು ‘ಚೆನ್ನಾಗಿದೆ’ ಎಂದು ಹೇಳಿ ಬೈಸಿಕೊಂಡೆ. ಚೆನ್ನಾಗಿದೆ ಎಂಬುದು ಅಳತೆಯಲ್ಲವಂತೆ. ಈಗ ದಡದ ಒಂದು ಕಲ್ಲನ್ನು ಗುರುತಿಟ್ಟುಕೊಂಡಿದ್ದೇನೆ. ಕಲ್ಲಿಗಿಂತ ಒಂದು ಗೇಣು ಕೆಳಗೆ, ಎರಡು ಬೆರಳು ಮೇಲೆ ಎಂದು ಲೆಕ್ಕ ಒಪ್ಪಿಸುತ್ತೇನೆ. ಆಮೇಲೆ ನಾನು ಅದೇ ಪ್ರಶ್ನೆಯನ್ನು ಅವರಿಗೆ ಕೇಳುತ್ತೇನೆ. ಕಳೆದ ವಾರ ಅಪ್ಪ,

“ನಮ್ಮದರಲ್ಲಿ ನೀರಿಲ್ಲ,” ಎಂದರು. “ಸಾಯಂಕಾಲ ಏರಿ ಮೇಲೆ ಹೋಗಿದ್ದೆ. ಎರಡು ಬಿಲ ಮುಚ್ಚಿ ಬಂದೆ.”